ಹೆಚ್ಚಿಗೆ ಯಾರೂ ಬರಕೂಡದು!

ಬೆಂಗಳೂರಿನಲ್ಲಿ ‘ಅಡಿಷನಲ್ ಪ್ರಾಪರ್ಟಿ ಬೇಡ’ ಎಂದು ಬಾಯಿಬಿಟ್ಟು ಹೇಳುವವರು ಒಂದೇ ಒಂದು ಪಂಗಡದವರು: ಸಾಫ್ಟ್‌ವೇರಿನವರು. ಮಿಕ್ಕವರೆಲ್ಲ ಒಂದು ಸೈಟಿದ್ದರೆ ಇನ್ನೊಂದಿರಲಿ, ಅದರ ಪಕ್ಕದ ಮೂಲೆ ಸೈಟೂ ಸಿಕ್ಕರೆ ದೇವರು ದೊಡ್ಡವನು ಎನ್ನುವವರೇ. ಇವರು ಮಾತ್ರ ತಮ್ಮ ಕಡತದಲ್ಲಿ ‘ಅಡಿಷನಲ್‌ಪ್ರಾಪರ್ಟೀಸ್: ಫಾಲ್ಸ್’ ಎಂದು ಒಂದು ಸಾಲು ಬರೆದು, ಮಹಾ ತ್ಯಾಗ ಮಾಡಿದವರ ಮುಖ ಹೊತ್ತು ಕಾಫಿಗೆ ಹೋಗುತ್ತಾರೆ. ಲೋಟ ತೊಳೆದಿಟ್ಟು ಬರುವಷ್ಟರಲ್ಲಿ ನಿನ್ನೆಯವರೆಗೆ ಚೆನ್ನಾಗಿ ಓಡುತ್ತಿದ್ದದ್ದೆಲ್ಲ ನಿಂತಿರುತ್ತದೆ. ಆ ಒಂದು ಸಾಲಿನ ಪುರಾಣ ಹೇಳೋಣ ಅಂತ ಕೂತಿದ್ದೇನೆ. ಸಾಫ್ಟ್‌ವೇರ್ ಗೊತ್ತಿಲ್ಲದವರು ಎದ್ದು ಹೋಗಬೇಕಾಗಿಲ್ಲ. ಗೊತ್ತಿರುವವರಿಗೆಲ್ಲ ಇದು ಗೊತ್ತಿದೆ ಎಂದು ತಿಳಿದುಕೊಂಡು ಸಂಕೋಚ ಪಡಬೇಕಾಗಿಯೂ ಇಲ್ಲ.

ಮೊದಲು ಪಾತ್ರಪರಿಚಯ. ಒಂದು ಕಂಪ್ಯೂಟರು ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವಾಗ ಹೆಚ್ಚಾಗಿ ಜೇಸನ್ ಎಂಬ ಬರವಣಿಗೆಯಲ್ಲಿ ಮುಟ್ಟಿಸುತ್ತದೆ. 2001ರ ಸುಮಾರಿಗೆ ಅಮೆರಿಕದ ಡಗ್ಲಸ್ ಕ್ರಾಕ್‌ಫರ್ಡ್ ಇದಕ್ಕೊಂದು ಹೆಸರಿಟ್ಟು ಚಲಾವಣೆಗೆ ಬಿಟ್ಟರು. ಒಳಗಿರುವುದು ಇಷ್ಟೇ: ಒಂದು ಹೆಸರು, ಅದರ ಮುಂದೆ ಒಂದು ಬೆಲೆ. ‘ಸಿಟಿ’ ಎಂದರೆ ‘ಮೈಸೂರು’, ‘ವಯಸ್ಸು’ ಎಂದರೆ 42. ಈ ಹೆಸರು-ಬೆಲೆಯ ಜೋಡಿಗೆ ಫೀಲ್ಡು ಅನ್ನಿ, ಪ್ರಾಪರ್ಟಿ ಅನ್ನಿ, ಎರಡೂ ನಡೆಯುತ್ತದೆ. ಬಂದ ಸುದ್ದಿ ನೆಟ್ಟಗಿದೆಯೇ ಎಂದು ನೋಡಲು ಬರೆದಿಟ್ಟ ಕಟ್ಟಳೆಯ ಪಟ್ಟಿಗೆ ಸ್ಕೀಮಾ ಎಂದು ಹೆಸರು. ವಯಸ್ಸು ಅಂಕಿಯಾಗಿರಬೇಕು, ಸಿಟಿ ಕಡ್ಡಾಯವಾಗಿ ಇರಬೇಕು, ಹೀಗೆ. ಪಟ್ಟಿ ಹಿಡಿದು ತಾಳೆ ನೋಡುವ ತಂತ್ರಾಂಶ ವ್ಯಾಲಿಡೇಟರು. ಅದಕ್ಕೆ ಸಂಬಳವಿಲ್ಲ, ದಾಕ್ಷಿಣ್ಯವೂ ಇಲ್ಲ.

ಈ ಜೇಸನ್ ಸ್ಕೀಮಾದ (ಇದರ ಆವೃತ್ತಿಗಳಿಗೆ ಡ್ರಾಫ್ಟು, ಅಂದರೆ ಕರಡು, ಎಂದೇ ಹೆಸರು) ಹುಟ್ಟುಗುಣ ಒಂದನ್ನು ತಿಳಿದುಕೊಳ್ಳಬೇಕು. ಅದು ಮೂಲತಃ ಉದಾರಿ. ಏನೂ ಬರೆಯದ ಖಾಲಿ ಸ್ಕೀಮಾ ಕೊಟ್ಟರೆ ಜಗತ್ತಿನಲ್ಲಿರುವ ಜೇಸನ್ನನ್ನೆಲ್ಲ ಸೈ ಅನ್ನುತ್ತದೆ. ಬರೆದದ್ದನ್ನು ಮಾತ್ರ ನೋಡುತ್ತದೆ, ಬರೆಯದ್ದರ ಗೊಡವೆಗೆ ಹೋಗುವುದಿಲ್ಲ. ಇದರ ಹಿಂದಿನ ತಲೆಮಾರಿನ ಎಕ್ಸ್‌ಎಂಎಲ್ ಹೀಗಿರಲಿಲ್ಲ. 2001ರ ಎಕ್ಸ್‌ಎಂಎಲ್ ಸ್ಕೀಮಾದಲ್ಲಿ ಹೇಳಿದ್ದು ಬಿಟ್ಟು ಬೇರೇನು ಬಂದರೂ ತಪ್ಪು. ಹೊರಗಿನದು ಬರಬಹುದು ಎಂದಿದ್ದರೆ ‘ಎನಿ’ ಎಂದು ಬರೆದು ಅಪ್ಪಣೆ ಪಡೆಯಬೇಕು. ಅಪ್ಪ ಗೇಟಿಗೆ ಬೀಗ ಹಾಕುತ್ತಿದ್ದ, ಮಗ ಗೇಟನ್ನೇ ಕಿತ್ತಿಟ್ಟ. ಮನೆಯಲ್ಲಿ ಇಂಥದ್ದು ಹೊಸದೇನಲ್ಲ.

ಮಗನ ಉದಾರತನ ಎಲ್ಲರಿಗೂ ಹಿಡಿಸುವುದಿಲ್ಲ, ಅದಕ್ಕೆ ಕಾರಣವೂ ಇದೆ. ವಿಳಾಸದಲ್ಲಿ ‘ಲ್ಯಾಂಡ್‌ಮಾರ್ಕ್’ ಎಂಬ ಐಚ್ಛಿಕ ಫೀಲ್ಡಿದೆ ಅನ್ನಿ. ಬರೆದ ಹುಡುಗ ಅವಸರದಲ್ಲಿ ಒಂದಕ್ಷರ ನುಂಗಿ ‘ಲ್ಯಾಂಡ್‌ಮಾರ್’ ಎಂದು ಕಳಿಸಿದ. ವ್ಯಾಲಿಡೇಟರು ಏನನ್ನುತ್ತದೆ? ‘ಲ್ಯಾಂಡ್‌ಮಾರ್ಕ್ ಇಲ್ಲ, ಪರವಾಗಿಲ್ಲ, ಐಚ್ಛಿಕ. ಲ್ಯಾಂಡ್‌ಮಾರ್ ಎಂಬುದೇನೋ ಬಂದಿದೆ, ನನಗೇನು?’ ಎಲ್ಲವೂ ಪಾಸು. ಆಮೇಲೆ ಪಾರ್ಸಲ್ ಹುಡುಗ ಬೀದಿಯಲ್ಲಿ ನಿಂತು ‘ಸಾರ್, ಲೊಕೇಶನ್ ಕಳ್ಸಿ’ ಅಂತ ಫೋನು ಮಾಡುತ್ತಾನೆ.

ಇದು ಕಾಗುಣಿತದ ಮಾತಾಯಿತು. ಕಳ್ಳತನದ ಮಾತೂ ಇದೆ. 2012ರ ಮಾರ್ಚಿನಲ್ಲಿ ಎಗೋರ್ ಹೊಮಾಕೋವ್ ಎಂಬ ರಷ್ಯದ ಹುಡುಗ ತಂತ್ರಾಂಶಗಳ ಸೋರ್ಸನ್ನು ಇಟ್ಟುಕೊಳ್ಳುವ ಜಾಲತಾಣ ಗಿಟ್‌ಹಬ್ಬಿನವರಿಗೆ ಒಂದು ಪಾಠ ಮಾಡಿದ. ತಂತಮ್ಮ ಕೀಲಿಯನ್ನು ಖಾತೆಗೆ ಸೇರಿಸಿಕೊಳ್ಳಲು ಅಲ್ಲೊಂದು ಫಾರಂ ಇತ್ತು. ಅವನು ಆ ಫಾರಮ್ಮಿನ ಜೊತೆಗೆ, ಯಾರೂ ಕೇಳದಿದ್ದ ಒಂದು ಫೀಲ್ಡನ್ನು ಸೇರಿಸಿ ಕಳಿಸಿದ: ಈ ಕೀಲಿ ಯಾರ ಖಾತೆಯದು ಎಂಬುದನ್ನು. ಗಿಟ್‌ಹಬ್ ಕಟ್ಟಿದ್ದದ್ದು ರೈಲ್ಸ್ ಎಂಬ ಚೌಕಟ್ಟಿನ ಮೇಲೆ. ಆಗಿನ ರೈಲ್ಸಿಗೆ ಬಂದದ್ದನ್ನೆಲ್ಲ ಬಾಚಿ ದಾಖಲೆಗೆ ತುಂಬಿಕೊಳ್ಳುವ ಅಭ್ಯಾಸ. ಹಾಗಾಗಿ ಇವನ ಕೀಲಿ ಹೋಗಿ ರೈಲ್ಸ್ ಯೋಜನೆಯವರ ಖಾತೆಗೇ ಅಂಟಿಕೊಂಡಿತು. ಹುಡುಗ ರೈಲ್ಸಿನ ಸ್ವಂತ ಸೋರ್ಸಿನೊಳಗೆ ನುಗ್ಗಿ ಒಂದು ಕಮಿಟ್, ಅಂದರೆ ಬದಲಾವಣೆ, ಹಾಕಿ, ‘ನಾನು ಹೇಳಿರಲಿಲ್ಲವೇ?’ ಎಂಬಂತೆ ನಿಂತ. ಮುಂದಿನ ವರ್ಷ ಬಂದ ರೈಲ್ಸ್ 4ರಲ್ಲಿ ಯಾವ ಯಾವ ಫೀಲ್ಡು ಒಳಗೆ ಬರಬಹುದು ಎಂದು ಹೆಸರು ಹಿಡಿದು ಹೇಳುವ ಕ್ರಮ ಬಂತು. ಒಂದೇ ಒಂದು ಹೆಚ್ಚಿನ ಫೀಲ್ಡು ಇಷ್ಟೆಲ್ಲ ಮಾಡಬಲ್ಲದು ಎಂದಾದ ಮೇಲೆ, ‘ಹೆಚ್ಚಿಗೆ ಏನೂ ಬರಕೂಡದು’ ಎನ್ನುವವರನ್ನು ಬರೀ ಜಿಪುಣರು ಎಂದು ನಗುವ ಹಾಗಿಲ್ಲ.

ಸರಿ, ಪಟ್ಟಿಯಲ್ಲಿ ಇಲ್ಲದ ಫೀಲ್ಡು ಬಂದರೆ ತಪ್ಪು ಎನ್ನುವ ‘ಅಡಿಷನಲ್‌ಪ್ರಾಪರ್ಟೀಸ್: ಫಾಲ್ಸ್’ ಸಾಲನ್ನು ಸ್ಕೀಮಾದಲ್ಲಿ ಬರೆದು ಮುಚ್ಚಿದರು. ಒಂದೇ ಸ್ಕೀಮಾ ಇರುವ ತನಕ ಯಾವ ತಕರಾರೂ ಇಲ್ಲ. ರಗಳೆ ಶುರುವಾಗುವುದು ಎರಡನ್ನು ಕೂಡಿಸಲು ಹೋದಾಗ.

ಅಮೆರಿಕದ ಪುಸ್ತಕಗಳಲ್ಲಿ ವಿಳಾಸದ ಸ್ಕೀಮಾ ಎಂದರೆ ಮೂರು ಫೀಲ್ಡು: ಬೀದಿ, ಸಿಟಿ, ಸ್ಟೇಟು. ಅಲ್ಲಿಯವರಿಗೆ ಅಷ್ಟು ಸಾಕು. ನಮ್ಮಲ್ಲಿ ಮನೆ ನಂಬರು, ಹಳೇ ನಂಬರು, ಕ್ರಾಸು, ಮೇನು, ಸ್ಟೇಜು, ಬ್ಲಾಕು, ಇಷ್ಟೆಲ್ಲ ಆದಮೇಲೂ ‘ಗಣಪತಿ ದೇವಸ್ಥಾನದ ಹಿಂದೆ, ಹಿಟ್ಟಿನ ಗಿರಣಿ ಎದುರು’ ಎನ್ನದೆ ಯಾರೂ ಮನೆ ಮುಟ್ಟುವುದಿಲ್ಲ. ಹಾಗಾಗಿ ನಮ್ಮ ಹುಡುಗರು ಅಮೆರಿಕದ ಆಫೀಸಿನಿಂದ ಬಂದ ಸ್ಕೀಮಾವನ್ನು ಮುಟ್ಟದೆ, ಅದರ ಪಕ್ಕಕ್ಕೆ ಇನ್ನೊಂದು ಚಿಕ್ಕ ಸ್ಕೀಮಾ ಇಟ್ಟು, ಎರಡನ್ನೂ ‘ಆಲ್‌ಆಫ್’ ಎಂಬ ಪದದಲ್ಲಿ ಕಟ್ಟುತ್ತಾರೆ. ಎರಡನೆಯದರಲ್ಲಿ ಇರುವುದು ಒಂದೇ: ಲ್ಯಾಂಡ್‌ಮಾರ್ಕ್, ಅದೂ ಕಡ್ಡಾಯ. ಅಮೆರಿಕದವರು ಮೊದಲನೆಯದರ ಬುಡದಲ್ಲಿ ‘ಅಡಿಷನಲ್‌ಪ್ರಾಪರ್ಟೀಸ್: ಫಾಲ್ಸ್’ ಎಂದು ಬರೆದಿಟ್ಟಿದ್ದು ಇವರ ಕಣ್ಣಿಗೆ ಬಿದ್ದಿರುವುದಿಲ್ಲ. ಬಿದ್ದಿದ್ದರೂ ಹಿಂಗಾಗುತ್ತದೆ ಎಂದು ಯಾರು ಕಂಡವರು?

‘ಗುರೂ, ಒಂದ್ನಿಮಿಷ ಬಾ. ಲ್ಯಾಂಡ್‌ಮಾರ್ಕ್ ಕಳಿಸಿದ್ರೆ ಇದ್ಯಾಕೆ ಬಂತು ಅಂತದೆ. ಕಳಿಸ್ದಿದ್ರೆ ಎಲ್ಲಿ ಅಂತದೆ.’

‘ಯಾವ ಡ್ರಾಫ್ಟು ಮಗಾ?’

‘ಡ್ರಾಫ್ಟ್ ಅಲ್ಲ ಗುರು, ಪ್ರೊಡಕ್ಷನ್ನೇ!’

ಒಳಗಿನ ಕಿತಾಪತಿ ತಿಳಿಯಬೇಕಾದರೆ ಒಂದು ಮದುವೆ ಛತ್ರಕ್ಕೆ ಹೋಗಬೇಕು. ಬಾಗಿಲಲ್ಲಿ ಇಬ್ಬರು ಹಿರಿಯರು ನಿಂತಿದ್ದಾರೆ. ಒಬ್ಬರು ಹೆಣ್ಣಿನ ಸೋದರಮಾವ, ಕೈಯಲ್ಲಿ ಹೆಣ್ಣಿನ ಕಡೆಯವರ ಪಟ್ಟಿ. ಇನ್ನೊಬ್ಬರು ಗಂಡಿನ ದೊಡ್ಡಪ್ಪ, ಕೈಯಲ್ಲಿ ಗಂಡಿನ ಕಡೆಯವರ ಪಟ್ಟಿ. ಮಾವನ ಪಟ್ಟಿಯ ತಲೆಯಲ್ಲಿ ‘ಮದುಮಗಳು ಕಡ್ಡಾಯ’ ಎಂದಿದೆ, ದೊಡ್ಡಪ್ಪನದರಲ್ಲಿ ‘ಮದುಮಗ ಕಡ್ಡಾಯ’ ಎಂದಿದೆ. ಎರಡರ ಕೊನೆಯಲ್ಲೂ ಒಂದೇ ಸಾಲು: ಈ ಪಟ್ಟಿಯಲ್ಲಿ ಇಲ್ಲದವರು ಛತ್ರದಲ್ಲಿ ಇರಕೂಡದು. ಇಬ್ಬರೂ ಒಪ್ಪಿದರೆ ಮಾತ್ರ ಮುಹೂರ್ತ.

‘ಬೀಗರೇ, ಬಾಸಿಂಗ ಕಟ್ಟಿಕೊಂಡ ಯಾರೋ ಒಳಗೆ ಕೂತಿದ್ದಾರೆ. ನನ್ನ ಪಟ್ಟಿಯಲ್ಲಿ ಇಲ್ಲ, ಎಬ್ಬಿಸಿ.’

‘ಅವನೇ ಕಣ್ರೀ ಮದುಮಗ!’

‘ಇರಬಹುದು. ಪಟ್ಟಿಯಲ್ಲಿ ಇಲ್ಲ.’

‘ಹಾಗಾದರೆ ಪಕ್ಕದಲ್ಲಿ ಕೂತಿರುವ ನಿಮ್ಮ ಹುಡುಗಿಯೂ ನನ್ನ ಪಟ್ಟಿಯಲ್ಲಿ ಇಲ್ಲ, ಬೀಗರೇ.’

ಮದುಮಗನನ್ನು ಎಬ್ಬಿಸಿದರೆ ದೊಡ್ಡಪ್ಪನಿಗೆ ‘ಕಡ್ಡಾಯ’ ತಪ್ಪುತ್ತದೆ, ಕೂರಿಸಿದರೆ ಮಾವನಿಗೆ ಪಟ್ಟಿ ತಪ್ಪುತ್ತದೆ. ಯಾವ ಜೋಡಿ ತಂದು ಕೂರಿಸಿದರೂ ಈ ಛತ್ರದಲ್ಲಿ ಮದುವೆ ನಡೆಯುವುದಿಲ್ಲ. ಇಬ್ಬರೂ ತಮಗೆ ಒಪ್ಪಿಸಿದ ಕೆಲಸವನ್ನು ಚಾಚೂ ತಪ್ಪದೆ ಮಾಡಿದ್ದಾರೆ, ಬೈಯಲಿಕ್ಕೂ ಬಾರದು. ಆಲ್‌ಆಫ್ ಎಂದರೆ ಪಟ್ಟಿಗಳನ್ನು ಬೆಸೆದು ಒಂದು ಮಾಡುವುದಲ್ಲ. ಒಬ್ಬೊಬ್ಬ ಹಿರಿಯರಿಗೂ ಇಡೀ ಸಭೆಯನ್ನು ಬೇರೆ ಬೇರೆಯಾಗಿ ತೋರಿಸಿ ಒಪ್ಪಿಗೆ ಕೇಳುವುದು. ಅಡಿಷನಲ್‌ಪ್ರಾಪರ್ಟೀಸಿಗೋ ತನ್ನ ಪಕ್ಕದಲ್ಲೇ, ಅದೇ ಆವರಣದೊಳಗೆ ಬರೆದ ಹೆಸರುಗಳು ಬಿಟ್ಟರೆ ಬೇರೇನೂ ಕಾಣದು.

ಅಮೆರಿಕದವರ ಕೈಕಾಲು ಹಿಡಿದು ಅವರ ಸಾಲನ್ನು ಅಳಿಸಿ, ‘ಹಾಗಾದರೆ ಒಳಗೆ ಬೇಡ, ಹೊರಗೆ ಬರೆಯೋಣ’ ಎಂದು ಅದನ್ನು ಆಲ್‌ಆಫಿನ ಹೊರಗಡೆ ಇಟ್ಟವರಿದ್ದಾರೆ. ಅದು ಇನ್ನೂ ಚೆನ್ನ. ಹೊರಗಿನ ಆವರಣದಲ್ಲಿ ಯಾವ ಫೀಲ್ಡಿನ ಹೆಸರೂ ಇಲ್ಲ. ಅಂದರೆ ಬಾಗಿಲಲ್ಲಿ ಖಾಲಿ ಪಟ್ಟಿ ಹಿಡಿದ ಮೂರನೆಯವನನ್ನು ನಿಲ್ಲಿಸಿದಂತಾಯಿತು. ಅವನು ಮದುಮಗ, ಮದುಮಗಳು, ಪುರೋಹಿತರು, ಓಲಗದವರು ಎಲ್ಲರನ್ನೂ ಹೊರಗೆ ಹಾಕಿ ಶಿಸ್ತಾಗಿ ನಿಲ್ಲುತ್ತಾನೆ.

ಈ ಗೊಂದಲಕ್ಕೆ ಸ್ವಲ್ಪ ಹಳೆಯ ಪಾಪವೂ ಸೇರಿದೆ. ಜೇಸನ್ ಸ್ಕೀಮಾದ ಮೂರನೇ ಕರಡಿನಲ್ಲಿ, ಅದು 2010ರದು, ‘ಎಕ್ಸ್‌ಟೆಂಡ್ಸ್’ ಎಂಬ ಪದವಿತ್ತು. ಜಾವಾ ಓದಿ ಬಂದವರಿಗೆ ಆ ಪದ ಕಂಡರೆ ತವರುಮನೆ ಕಂಡ ಹಾಗೆ. ಅಲ್ಲಿ ಮಗುವಿನ ಕ್ಲಾಸು ತಾಯಿಯದನ್ನೆಲ್ಲ ಪಡೆದು ತನ್ನದನ್ನು ಸೇರಿಸಿಕೊಳ್ಳುತ್ತದೆ, ಬೆಳೆಯುತ್ತದೆ. ಸ್ಕೀಮಾದಲ್ಲಿ ಹಾಗಲ್ಲ. ಇಲ್ಲಿ ಪ್ರತಿ ಸ್ಕೀಮಾವೂ ಒಂದು ನಿರ್ಬಂಧ. ನಿರ್ಬಂಧಕ್ಕೆ ನಿರ್ಬಂಧ ಸೇರಿಸಿದರೆ ಒಪ್ಪಿಗೆಯಾಗುವ ಜೇಸನ್ ಕಡಿಮೆಯಾಗುತ್ತದೆಯೇ ಹೊರತು ಹೆಚ್ಚುವುದಿಲ್ಲ. 2013ರ ನಾಲ್ಕನೇ ಕರಡು ಎಕ್ಸ್‌ಟೆಂಡ್ಸನ್ನು ಕಿತ್ತು ಆಲ್‌ಆಫ್ ತಂದಿತು. ಪದ ಹೋಯಿತು, ಅಭ್ಯಾಸ ಹೋಗಲಿಲ್ಲ.

ಹಾಗಂತ ಹುಡುಗರು ಕೈಕಟ್ಟಿ ಕೂರಲಿಲ್ಲ, ಉಪಾಯ ಮಾಡಿದರು. ಒಂದನೆಯ ಉಪಾಯ: ಹೊರಗಿನ ಆವರಣದಲ್ಲಿ ಎಲ್ಲ ಹೆಸರುಗಳನ್ನೂ ಮತ್ತೊಮ್ಮೆ ಬರೆಯುವುದು, ಕಟ್ಟಳೆಯಿಲ್ಲದೆ, ಬರೀ ಹೆಸರು. ಕೆಲಸ ಆಗುತ್ತದೆ, ಆದರೆ ಮೂಲದಲ್ಲಿ ಒಂದು ಫೀಲ್ಡು ಸೇರಿದಾಗ ಇಲ್ಲಿಯೂ ಸೇರಿಸಬೇಕು. ಸೇರಿಸುವವರು ಅಷ್ಟರಲ್ಲಿ ಬೇರೆ ಕಂಪನಿ ಸೇರಿರುತ್ತಾರೆ. ಎರಡನೆಯ ಉಪಾಯ: ಮೂಲವನ್ನೇ ನಕಲು ಹೊಡೆದು ಒಂದೇ ದೊಡ್ಡ ಸ್ಕೀಮಾ ಮಾಡುವುದು. ಮರುಬಳಕೆ ಎಂಬ ಮಾತಿಗೆ ಅಲ್ಲಿಗೆ ಎಳ್ಳುನೀರು.

ಮೂರನೆಯ ಉಪಾಯದಲ್ಲಿ ಒಳ್ಳೆ ನಾಟಕವಿದೆ. ಎಜೆವಿ ಎಂಬ ಹೆಸರಾಂತ ವ್ಯಾಲಿಡೇಟರಿನಲ್ಲಿ, ಹೆಚ್ಚಿನ ಫೀಲ್ಡು ಬಂದರೆ ತಪ್ಪೆನ್ನುವ ಬದಲು ಸದ್ದಿಲ್ಲದೆ ತೆಗೆದುಹಾಕುವ ಒಂದು ಸವಲತ್ತಿದೆ. ಜಗಳವೇ ಬೇಡವೆಂದು ಅದನ್ನು ಚಾಲೂ ಮಾಡಿದರು ಅನ್ನಿ. ಮೊದಲ ಸ್ಕೀಮಾ ತನಗೆ ಗೊತ್ತಿಲ್ಲದ ಲ್ಯಾಂಡ್‌ಮಾರ್ಕನ್ನು ಅಳಿಸಿ ಮುಂದಕ್ಕೆ ಕಳಿಸುತ್ತದೆ. ಎರಡನೆಯದು ‘ಲ್ಯಾಂಡ್‌ಮಾರ್ಕ್ ಕಡ್ಡಾಯ, ಎಲ್ಲಿ?’ ಎಂದು ಕೇಳುತ್ತದೆ. ಕಳಿಸಿದವನು ಕಳಿಸಿದ್ದೇನೆ ಅನ್ನುತ್ತಾನೆ, ಪಡೆದವನು ಬಂದಿಲ್ಲ ಅನ್ನುತ್ತಾನೆ, ಇಬ್ಬರೂ ಸತ್ಯವಂತರೇ.

ನಾಲ್ಕನೆಯವರು ಹೆಚ್ಚು ಬುದ್ಧಿವಂತರು. ‘ರೆಫ್’ ಎಂಬ ಪದದಿಂದ ಬೇರೆ ಕಡೆಯ ಸ್ಕೀಮಾವನ್ನು ಕರೆಸಿ, ಅದರ ಮಗ್ಗುಲಲ್ಲೇ ಅಡಿಷನಲ್‌ಪ್ರಾಪರ್ಟೀಸ್ ಬರೆದರು. ಎಲ್ಲ ಪಾಸಾಯಿತು, ಸಂತೋಷವೋ ಸಂತೋಷ. ಏಳನೇ ಕರಡಿನವರೆಗೆ ರೆಫ್‌ನ ಮಗ್ಗುಲಲ್ಲಿ ಏನು ಬರೆದರೂ ವ್ಯಾಲಿಡೇಟರು ಅದನ್ನು ಓದುವುದೇ ಇಲ್ಲ ಎಂಬ ನಿಯಮ ಇರುವುದು ಅವರಿಗೆ ಆಮೇಲೆ ಗೊತ್ತಾಯಿತು. ಬೀಗ ಹಾಕಿದ್ದು ನಿಜ, ಬಾಗಿಲಿಗೆ ಮಾತ್ರ ಅಲ್ಲ.

ಕಡೆಗೆ ಜೇಸನ್ ಸ್ಕೀಮಾದ ಪಂಡಿತರಿಗೇ ಕನಿಕರ ಹುಟ್ಟಿತು. 2019ರ ಸೆಪ್ಟೆಂಬರಿನ ಆವೃತ್ತಿಯಲ್ಲಿ ಹೊಸ ಪದವೊಂದನ್ನು ದಯಪಾಲಿಸಿದರು: ‘ಅನ್‌ಇವ್ಯಾಲ್ಯುಯೇಟೆಡ್‌ಪ್ರಾಪರ್ಟೀಸ್’. ಇಂಗ್ಲಿಷಿನಲ್ಲಿ 21 ಅಕ್ಷರ. ಕಾಗುಣಿತದ ತಪ್ಪು ಹಿಡಿಯಲು ಹುಟ್ಟಿದ ಪದವನ್ನು ಕಾಗುಣಿತ ತಪ್ಪದೆ ಬರೆಯುವುದೇ ಒಂದು ಸಾಧನೆ. ಆ ಪುಣ್ಯಾತ್ಮರು ಆವೃತ್ತಿಯ ಹೆಸರಿಡುವ ರೀತಿಯನ್ನೂ ಆಗಲೇ ಬದಲಾಯಿಸಿದರು. ಮೂರು, ನಾಲ್ಕು, ಆರು, ಏಳು ಎಂದು ಬರುತ್ತಿದ್ದದ್ದು ಇದ್ದಕ್ಕಿದ್ದಂತೆ 2019-09 ಆಯಿತು, ಅದರ ಮುಂದಿನದು 2020-12. ಹೆಸರು ಬದಲಾದರೂ ಕುಲ ಒಂದೇ: ಕರಡು. ಇಂಟರ್ನೆಟ್ ಕರಡುಗಳಿಗೆ ಆಯುಸ್ಸು ಆರೇ ತಿಂಗಳು. 2013ರ ಕರಡು ಆ ವರ್ಷವೇ ಅವಧಿ ಮುಗಿಸಿತು, ಆದರೂ ವರ್ಷಗಟ್ಟಲೆ ಅದರ ಮೇಲೆ ಪ್ರಪಂಚ ವ್ಯವಹಾರ ನಡೆಸಿತು. ನಮ್ಮಲ್ಲಿ ‘ತಾತ್ಕಾಲಿಕ’ ಎಂದು ಹಾಕಿದ ಶೀಟಿನ ಶೆಡ್ಡುಗಳ ಕಥೆ ಗೊತ್ತಿರುವವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

ಹೊಸ ಪದ ಮಾಡುವ ಕೆಲಸ ಹೀಗೆ. ಛತ್ರದ ಬಾಗಿಲಲ್ಲಿ ಮೂರನೆಯವನು ನಿಲ್ಲುತ್ತಾನೆ, ಆದರೆ ಈ ಸಲ ಅವನ ಕೈಯಲ್ಲಿ ಸ್ವಂತ ಪಟ್ಟಿಯಿಲ್ಲ. ‘ಮೊದಲು ನೀವಿಬ್ಬರೂ ನಿಮ್ಮ ನಿಮ್ಮವರಿಗೆ ಗುರುತು ಹಾಕಿ’ ಎನ್ನುತ್ತಾನೆ. ಮಾವ ತಮ್ಮವರಿಗೆ ಕುಂಕುಮ ಇಟ್ಟರು, ದೊಡ್ಡಪ್ಪ ತಮ್ಮವರಿಗೆ ಗಂಧ ಇಟ್ಟರು. ಅದಾದ ಮೇಲೆ ಇವನು ಒಳಗೆ ಬಂದು, ಹಣೆಯಲ್ಲಿ ಎರಡೂ ಇಲ್ಲದವರನ್ನು ಮಾತ್ರ ಕೈಹಿಡಿದು ಹೊರಗೆ ಕರೆದೊಯ್ಯುತ್ತಾನೆ. ಮದುಮಗ ಉಳಿದ, ಮದುಮಗಳು ಉಳಿದಳು, ಬಿಟ್ಟಿ ಊಟಕ್ಕೆ ಬಂದವನು ಹೋದ. ಷರತ್ತು ಒಂದೇ. ಹಿರಿಯರಿಬ್ಬರೂ ತಮ್ಮ ತಮ್ಮ ಪಟ್ಟಿಯ ಕೊನೆಯ ಸಾಲನ್ನು ಹೊಡೆದುಹಾಕಬೇಕು. ಅವರೂ ಮುಚ್ಚಿ, ಇವನೂ ಮುಚ್ಚಿದರೆ ಮತ್ತೆ ಮೊದಲಿನ ಪಾಡೇ.

ಈ ಮೂರನೆಯವನನ್ನು ಎಲ್ಲಿ ನಿಲ್ಲಿಸುತ್ತೀರಿ ಎಂಬುದರಲ್ಲೇ ಎಲ್ಲ ಇದೆ. ಆಲ್‌ಆಫಿನ ಹೊರಗೆ, ಅದರ ಪಕ್ಕದಲ್ಲಿ ನಿಲ್ಲಿಸಬೇಕು. ಒಳಗಿನ ಒಂದು ಕವಲಿನಲ್ಲಿ ನಿಲ್ಲಿಸಿದರೆ ಅವನಿಗೆ ಪಕ್ಕದ ಕವಲು ಕಾಣುವುದಿಲ್ಲ. ಸ್ಕೀಮಾದವರೇ ಇಟ್ಟಿರುವ ಪರೀಕ್ಷೆಗಳಲ್ಲಿ ಇದಕ್ಕೊಂದು ಪ್ರಶ್ನೆಯಿದೆ, ಪಕ್ಕದ ಕವಲುಗಳನ್ನು ಅಲ್ಲಿ ಕಸಿನ್‌ಗಳೆಂದೇ ಕರೆದಿದ್ದಾರೆ. ದಾಯಾದಿಗಳ ಮನೆಯೊಳಗೆ ಏನಿದೆ ಎಂದು ಅಮೆರಿಕದಲ್ಲೂ ಕಾಣುವುದಿಲ್ಲವಂತೆ. ಸೋತ ಕವಲಿನ ಗುರುತಿಗೂ ಬೆಲೆಯಿಲ್ಲ. ‘ಮನೆ ವಿಳಾಸವಾಗಿರಬೇಕು ಅಥವಾ ಕಚೇರಿ ವಿಳಾಸವಾಗಿರಬೇಕು’ ಎಂದು ಎರಡು ಕವಲಿಟ್ಟು, ಕಚೇರಿಯದು ಪಾಸಾಗದಿದ್ದರೆ ಅದು ಗುರುತು ಹಾಕಿದ್ದ ‘ವಿಭಾಗ’ ಎಂಬ ಫೀಲ್ಡು ಮತ್ತೆ ಅನಾಥ. ಇದು ನ್ಯಾಯವೇ. ಮನೆ ವಿಳಾಸದಲ್ಲಿ ಅಕೌಂಟ್ಸ್ ಸೆಕ್ಷನ್ನಿಗೆ ಏನು ಕೆಲಸ?

ಪುಕ್ಕಟೆ ಏನೂ ಸಿಗುವುದಿಲ್ಲ. ‘ಎನಿಆಫ್’ ಎಂದರೆ ಹಲವು ಕವಲುಗಳಲ್ಲಿ ಯಾವುದಾದರೊಂದು ಒಪ್ಪಿದರೆ ಸಾಕು, ಹಾಗಾಗಿ ಮೊದಲನೆಯದು ಒಪ್ಪಿದ ಕೂಡಲೇ ವ್ಯಾಲಿಡೇಟರು ಕೆಲಸ ಮುಗಿಸಿ ಏಳುತ್ತಿತ್ತು. ಈಗ ಏಳುವಂತಿಲ್ಲ. ಉಳಿದ ಕವಲುಗಳೂ ಒಪ್ಪಿ ಗುರುತು ಹಾಕಬಹುದಲ್ಲ, ಎಲ್ಲವನ್ನೂ ನೋಡಬೇಕು, ಲೆಕ್ಕ ಇಡಬೇಕು. ಇಷ್ಟಾದರೂ ಇದು ಎಲ್ಲರ ಕೈಗೆ ಎಟಕುವುದೂ ಇಲ್ಲ. ತಂತ್ರಾಂಶಗಳು ಒಂದಕ್ಕೊಂದು ಮಾತಾಡುವ ಕಿಟಕಿಗಳಾದ ಎಪಿಐಗಳ ವಿವರಣೆಗೆ ಬಳಸುವ ಓಪನ್‌ಎಪಿಐ ಮೂರನೇ ಆವೃತ್ತಿ ಬಂದದ್ದು 2017ರಲ್ಲಿ, ಅದಕ್ಕೆ ಈ ಪದ ಗೊತ್ತಿಲ್ಲ. 2021ರ 3.1 ಆವೃತ್ತಿಗೆ ಗೊತ್ತಿದೆ. ಮೂರಕ್ಕೂ ಮೂರು ಪಾಯಿಂಟ್ ಒಂದಕ್ಕೂ ನಡುವೆ ಇಷ್ಟು ದೊಡ್ಡ ಹಳ್ಳವಿದೆ ಎಂದು ನಿಮ್ಮ ಮ್ಯಾನೇಜರಿಗೆ ನೀವೇ ಹೇಳಬೇಕು, ನಾನು ಬರುವುದಿಲ್ಲ.

ಕಾಯಿಲೆ ಇದೊಂದರದೇ ಅಲ್ಲ. ಟೈಪ್‌ಸ್ಕ್ರಿಪ್ಟಿನವರ ಮೆಚ್ಚಿನ ಜೋಡ್ ಎಂಬ ವ್ಯಾಲಿಡೇಟರಿನಲ್ಲಿ ಎರಡು ‘ಸ್ಟ್ರಿಕ್ಟ್’ ವಸ್ತುಗಳನ್ನು ಛೇದಿಸಿ ಕೂಡಿಸಿದರೂ ಹಳೆಯ ಆವೃತ್ತಿಗಳಲ್ಲಿ ಇದೇ ಬೀಗರ ಜಗಳವಿತ್ತು. ‘ಎಕ್ಸ್‌ಟೆಂಡ್’ ಮಾಡಿದರೆ ಹೊಸದೇ ಒಂದು ವಸ್ತು ತಯಾರಾಗಿ ಜಗಳ ತಪ್ಪುತ್ತದೆ. ಪೈಥಾನಿನ ಪೈಡ್ಯಾಂಟಿಕ್‌ನಲ್ಲಿ ಮಗುವಿನ ಕ್ಲಾಸಿಗೆ ತಾಯಿಯ ಫೀಲ್ಡುಗಳೆಲ್ಲ ಮೊದಲೇ ಬಂದಿರುವುದರಿಂದ, ‘ಎಕ್ಸ್‌ಟ್ರಾ ನಿಷೇಧ’ ಎಂದರೂ ಸಂಸಾರ ನಡೆಯುತ್ತದೆ.

ಇಷ್ಟು ಹೊತ್ತು ಮುಚ್ಚುವವರ ಪರ ಮಾತಾಡಿದೆ. ತೆರೆದಿಡುವವರೂ ಪೂರಾ ದಡ್ಡರಲ್ಲ. ಇಂಟರ್ನೆಟ್ಟಿನ ಹಿರಿಯ ಜಾನ್ ಪೋಸ್ಟೆಲ್ 1980ರಲ್ಲೇ ಬರೆದಿಟ್ಟಿದ್ದರು: ಕಳಿಸುವಾಗ ಬಿಗಿಯಾಗಿರು, ಪಡೆಯುವಾಗ ಉದಾರಿಯಾಗಿರು, ಎಂಬ ಅರ್ಥದಲ್ಲಿ. ಇಂಟರ್ನೆಟ್ ಬೆಳೆದದ್ದೇ ಈ ಮಾತಿನ ಮೇಲೆ. ಆದರೆ ಉದಾರತನ ಅತಿಯಾದರೆ ಕೆಟ್ಟ ಕಳುಹಿಕೆಗಳೇ ರೂಢಿಯಾಗಿ ಕೂತುಬಿಡುತ್ತವೆ ಎಂಬ ಎಚ್ಚರಿಕೆಯ ಕಡತವನ್ನು 2023ರಲ್ಲಿ ಇಂಟರ್ನೆಟ್ಟಿನದೇ ಮಂಡಳಿಯೊಂದು ಹೊರಡಿಸಿದೆ. ಜೇಸನ್ನಿನ ಹಾಗೆಯೇ ಸುದ್ದಿ ಮುಟ್ಟಿಸುವ ಗೂಗಲ್ಲಿನ ಪ್ರೋಟೋಬಫ್ ಮೂರನೇ ಅವತಾರದಲ್ಲಿ ಗುರುತಿಲ್ಲದ ಫೀಲ್ಡುಗಳನ್ನು ಎಸೆಯತೊಡಗಿತು. ಆಮೇಲೆ 3.5ರಲ್ಲಿ ಮನಸ್ಸು ಬದಲಾಯಿಸಿ ಮತ್ತೆ ಉಳಿಸಿಕೊಳ್ಳತೊಡಗಿತು. ನಿನ್ನೆಯ ತಂತ್ರಾಂಶದ ಕೈಗೆ ನಾಳೆಯ ಸುದ್ದಿ ಬಂದೇ ಬರುತ್ತದೆ. ಎದುರಿನವರು ಹೊಸ ಫೀಲ್ಡು ಸೇರಿಸಿದ ದಿನವೇ ನಿಮ್ಮದು ಮಕಾಡೆ ಮಲಗಿದರೆ, ತಪ್ಪು ಅವರದೆಂದು ವಾದಿಸಬಹುದು. ಗಿರಾಕಿ ಫೋನು ಮಾಡುವುದು ಮಾತ್ರ ನಿಮಗೇ.

ನನ್ನನ್ನು ಕೇಳಿದರೆ, ಬಿಗಿಯೋ ಸಡಿಲವೋ ಎಂಬ ಪ್ರಶ್ನೆಗಿಂತ ಬಿಗಿಯುವವರು ಯಾರು ಎಂಬುದು ದೊಡ್ಡದು. ಹತ್ತು ಜನ ಎತ್ತಿ ಬಳಸಲಿ ಎಂದು ಬರೆದ ತುಣುಕನ್ನು ಬರೆದವರೇ ಮುಚ್ಚಕೂಡದು. ಅದು ನಾಳೆ ಯಾರ ಜೊತೆ ಸೇರುತ್ತದೋ ಅವರಿಗೆ ಗೊತ್ತಿಲ್ಲ. ತುಣುಕುಗಳನ್ನೆಲ್ಲ ಕೂಡಿಸಿ, ಇಗೋ ಇಷ್ಟೇ ಎಂದು ಹೇಳಬಲ್ಲವನು ಕೊನೆಯಲ್ಲಿ ಕೂಡಿಸುವವನು ಒಬ್ಬನೇ, ಮುಚ್ಚುವ ಹಕ್ಕೂ ಅವನೊಬ್ಬನದೇ. ಅವನೂ ತನ್ನ ಮನೆಗೆ ಬರುವ ಅಹವಾಲುಗಳಿಗೆ ಮುಚ್ಚಲಿ, ಬೇರೆಯವರ ಮನೆಯಿಂದ ಬರುವ ಉತ್ತರಗಳಿಗೆ ಮುಚ್ಚದಿರಲಿ. ಜೇಸನ್ ಸ್ಕೀಮಾದವರೂ ಸ್ವಂತಕ್ಕೆ ಮಾಡಿಕೊಂಡಿರುವುದು ಹೆಚ್ಚುಕಡಿಮೆ ಇದನ್ನೇ. ಸ್ಕೀಮಾಗಳು ಸರಿಯಿವೆಯೇ ಎಂದು ನೋಡುವ ಅವರ ಮಹಾಸ್ಕೀಮಾ 2019ರಿಂದ ಹಲವು ತುಣುಕುಗಳ ಆಲ್‌ಆಫ್. ತುಣುಕುಗಳೆಲ್ಲ ತೆರೆದೇ ಇವೆ.

ಅಂದಹಾಗೆ, ತೆರೆದಿರುವುದರಿಂದ ಒಂದು ತಮಾಷೆಯೂ ಆಗುತ್ತದೆ. ತನಗೆ ಗೊತ್ತಿಲ್ಲದ ಪದವನ್ನು ಸ್ಕೀಮಾದಲ್ಲಿ ಕಂಡರೆ ವ್ಯಾಲಿಡೇಟರು ಅದನ್ನು ಲೆಕ್ಕಿಸದೆ ಮುಂದೆ ಹೋಗಬೇಕು ಎಂಬುದು ಹಳೆಯ ಕರಡುಗಳ ನಡವಳಿಕೆ. ಈಗ ನೀವು ಆ 21 ಅಕ್ಷರವನ್ನು ಬೆವರು ಸುರಿಸಿ ಬರೆದು, ಏಳನೇ ಕರಡಿನ ಹಳೇ ವ್ಯಾಲಿಡೇಟರಿಗೆ ಕೊಟ್ಟಿರೋ, ಅದು ಏನು ಮಾಡುತ್ತದೆ? ‘ಯಾರಿವನು, ನನಗೆ ಪರಿಚಯವಿಲ್ಲ, ಇದ್ದುಕೊಳ್ಳಲಿ’ ಎಂದು ಸುಮ್ಮನಾಗುತ್ತದೆ. ಗುರುತಿಲ್ಲದವರನ್ನು ಹೊರಗೆ ಹಾಕಲು ನೇಮಿಸಿದವನೇ ಗುರುತಿಲ್ಲದವನಾಗಿ ಮೂಲೆಯಲ್ಲಿ ಕೂತಿರುತ್ತಾನೆ, ಬಂದವರೆಲ್ಲ ಒಳಗೆ ಹೋಗುತ್ತಿರುತ್ತಾರೆ. ಎಜೆವಿ ಏಳನೇ ಆವೃತ್ತಿಯಿಂದೀಚೆಗೆ ಇಂಥ ಪದ ಕಂಡರೆ ಕೂಗಿಕೊಳ್ಳುತ್ತದೆ, ಎಲ್ಲವೂ ಕೂಗಿಕೊಳ್ಳುವುದಿಲ್ಲ. ಆದ್ದರಿಂದ ಸ್ಕೀಮಾದ ನೆತ್ತಿಯಲ್ಲಿ ಯಾವ ಕರಡು ಎಂದು ಬರೆಯಿರಿ. ಬರೆದ ಮೇಲೂ ನಂಬಬೇಡಿ. ಸಂಜೆ ಹೊರಡುವ ಮುಂಚೆ, ಬೇಕೆಂದೇ ಒಂದು ಬೇಡದ ಫೀಲ್ಡು ಸೇರಿಸಿ ಕಳಿಸಿ ನೋಡಿ. ತಿರಸ್ಕಾರವಾದರೆ ಶಾಲು ಹೊದಿಸಿಕೊಂಡಷ್ಟು ಖುಷಿಯಿಂದ ಮನೆಗೆ ಹೋಗಿ. ಪಾಸಾದರೆ, ಊಟಕ್ಕೆ ಕಾಯಬೇಡಿ ಎಂದು ಮನೆಗೆ ಒಂದು ಫೋನು ಮಾಡಿ.